ಮೇಜಿನ ಮೇಲೆ ಹಾಸಿದ ಬಾವುಟ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

 

ಇವತ್ತು ನವೆಂಬರ್ ತಿಂಗಳ ಎರಡನೇ ಭಾನುವಾರ. ಬ್ರಿಟನ್‌ನಲ್ಲಿ ಇದನ್ನ ‘ರಿಮೆಂಬ್ರೆನ್ಸ್ ಸಂಡೇ’ ಅಂತ ಆಚರಿಸ್ತಾರೆ. ಯುದ್ಧಗಳಲ್ಲಿ ಸತ್ತವರನ್ನ ನೆನೆಯೋ ದಿನ. ಮೊದಲ ಮಹಾಯುದ್ಧ ನಿಂತಿದ್ದು 1918ರ ನವೆಂಬರ್ 11ನೇ ತಾರೀಖು, ಬೆಳಗ್ಗೆ 11 ಗಂಟೆಗೆ. ಮರುವರ್ಷ ಅದೇ ದಿನ, ಅದೇ ಹೊತ್ತಿಗೆ ಎರಡು ನಿಮಿಷ ಮೌನವಾಗಿ ನಿಲ್ಲೋ ಪದ್ಧತಿ ಶುರುವಾಯ್ತು. ಶಾಲೆಯಲ್ಲಿ, ಸಭೆ-ಸಮಾರಂಭದಲ್ಲಿ ‘ಎಲ್ಲರೂ ಎದ್ದು ನಿಂತು ಮೌನಾಚರಣೆ ಮಾಡೋಣ’ ಅಂತಾರಲ್ಲ, ಆಗ ನನಗೆ ನೆನಪಾಗೋದು ಈ ದಿನವೇ.

ನಾನು ಬೆಂಗಳೂರಿನ ಹಳೇ ಚರ್ಚ್ ಒಂದರಲ್ಲಿ ಬೆಳೆದವಳು. ಅಲ್ಲಿ ಈ ಭಾನುವಾರ ಮೌನಾಚರಣೆ ಇರ್ತಿತ್ತು. ಚಿಕ್ಕ ಮಕ್ಕಳಿಗೆ ಎರಡು ನಿಮಿಷ ಅಂದ್ರೆ ಎರಡು ಗಂಟೆ ಇದ್ದ ಹಾಗೆ. ಕಣ್ಣು ಮುಚ್ಚಿಕೊಳ್ಳಬೇಕು ಅಂತ ಹೇಳಿದ್ರೂ ನಾನು ಗೋಡೆ ನೋಡ್ತಾ ನಿಂತಿರ್ತಿದ್ದೆ. ಗೋಡೆ ಮೇಲೆ ಅಮೃತಶಿಲೆಯ ಫಲಕಗಳು. ಅದರಲ್ಲಿ ಇಂಗ್ಲಿಷ್ ಹೆಸರುಗಳು. ಕ್ಯಾಪ್ಟನ್ ಇಂಥವನು, ಲೆಫ್ಟಿನೆಂಟ್ ಇಂಥವನು, ಇಷ್ಟನೇ ವಯಸ್ಸು, ಇಂಥ ಕಾಳಗ. ಓದಿ ಓದಿ ಕೆಲವು ಹೆಸರು ಬಾಯಿಪಾಠವೇ ಆಗಿತ್ತು.

ಪಕ್ಕದಲ್ಲಿ ನಮ್ಮ ಅಜ್ಜಿ ನಿಂತಿರ್ತಿದ್ರು. ಸೆರಗು ತಲೆ ಮೇಲೆ ಹೊದ್ದುಕೊಂಡು, ತುಟಿ ಮಾತ್ರ ಅಲ್ಲಾಡಿಸ್ತಾ. ಒಂದು ಸಲ ಕೇಳಿದೆ, ‘ಅಜ್ಜಿ, ಸುಮ್ಮನಿರಬೇಕು ಅಂದ್ರಲ್ಲ ಅಯ್ಯನವರು, ನೀವು ಏನು ಹೇಳ್ಕೊಳ್ತಿದ್ರಿ?’ ಅಂತ. ‘ನಮ್ಮ ತಾತನ ಹೆಸರು ಕಣೇ’ ಅಂದ್ರು. ‘ಬಸ್ರಾಕ್ಕೆ ಹೋದವರು. ಬರಲಿಲ್ಲ.’

ಅಜ್ಜಿಯ ತಾತ ಸಿಪಾಯಿ ಕೂಡ ಆಗಿರಲಿಲ್ಲವಂತೆ. ಸೈನ್ಯದ ಹೇಸರಗತ್ತೆಗಳನ್ನ ನೋಡ್ಕೊಳ್ಳೋ ಕೆಲಸಕ್ಕೆ ಸೇರಿ ಹೋದವರು. ಸಂಬಳ ಸಿಗುತ್ತೆ ಅಂತ ಹೋದ್ರು. ದೇಶಕ್ಕಾಗಿ ಹೋದ್ರಾ, ರಾಜನಿಗಾಗಿ ಹೋದ್ರಾ, ಮಕ್ಕಳ ಹೊಟ್ಟೆಗಾಗಿ ಹೋದ್ರಾ ಅಂತ ಯಾರೂ ಕೇಳಿರಲಿಲ್ಲ. ಗೋಡೆ ಮೇಲೆ ಅವರ ಹೆಸರಿಲ್ಲ. ಅದಕ್ಕೆ ಅಜ್ಜಿ ಬಾಯಲ್ಲಿ ಇಟ್ಟುಕೊಂಡಿದ್ರು.

ಇವತ್ತು ನಾನು ಮಾತಾಡಬೇಕು ಅಂದ್ಕೊಂಡಿರೋದು ಇದರ ಬಗ್ಗೆನೇ. ಒಂದು ದೇಶ ತ್ಯಾಗವನ್ನ ಹೇಗೆ ನೆನೆಯುತ್ತೆ? ಕ್ರೈಸ್ತ ನಂಬಿಕೆ ಹೇಗೆ ನೆನೆಯುತ್ತೆ? ಎರಡೂ ಒಂದೇನಾ? ನೀವು ಯಾವ ಧರ್ಮದವರೇ ಆಗಿರಿ, ಯಾವ ಧರ್ಮವೂ ಬೇಡ ಅನ್ನೋರೇ ಆಗಿರಿ, ಈ ಪ್ರಶ್ನೆ ನಿಮ್ಮದೂ ಹೌದು ಅಂತ ನನಗೆ ಅನ್ಸುತ್ತೆ. ಯಾಕಂದ್ರೆ ಸತ್ತವರ ಹೆಸರು ಹೇಳಿ ನಮ್ಮಿಂದ ಏನಾದ್ರೂ ಕೇಳೋರು ಎಲ್ಲ ಕಡೆ ಇದ್ದಾರೆ.

ಒಂದು ಕಥೆಯಿಂದ ಶುರು ಮಾಡ್ತೀನಿ. ನಿಜವಾಗಿ ನಡೆದದ್ದು.

ಡೇವಿಡ್ ರೇಲ್ಟನ್ ಅಂತ ಒಬ್ಬ ಪಾದ್ರಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಫ್ರಾನ್ಸಿನಲ್ಲಿದ್ರು. ಪಾದ್ರಿಯ ಕೆಲಸ ಏನು? ಸಾಯ್ತಿರೋರ ಹತ್ರ ಕೂರೋದು, ಸತ್ತವರನ್ನ ಹೂಳೋದು, ಅವರ ಮನೆಗೆ ಕಾಗದ ಬರೆಯೋದು. 1916ರಲ್ಲಿ ಒಂದು ಸಂಜೆ, ಆರ್ಮೆಂಟಿಯರ್ಸ್ ಅನ್ನೋ ಊರಿನ ಹತ್ತಿರ, ತಾವು ಉಳಿದುಕೊಂಡಿದ್ದ ಮನೆಯ ಹಿತ್ತಲಲ್ಲಿ ಅವರು ಒಂದು ಸಮಾಧಿ ನೋಡಿದ್ರು. ಮೇಲೆ ಮರದ ಒರಟು ಶಿಲುಬೆ. ಅದರ ಮೇಲೆ ಪೆನ್ಸಿಲ್‌ನಲ್ಲಿ, ಗುರುತು ಸಿಗದ ಒಬ್ಬ ಬ್ರಿಟಿಷ್ ಸೈನಿಕ ಅಂತ ಬರೆದಿತ್ತು. ಅಷ್ಟೇ.

ಆ ಶಿಲುಬೆ ಅವರ ತಲೆಯಿಂದ ಹೋಗಲೇ ಇಲ್ಲ. ಇವನ ತಾಯಿಗೆ ನಾನು ಏನಂತ ಬರೀಲಿ? ಯಾರ ಮಗ ಅಂತಲೇ ಗೊತ್ತಿಲ್ಲವಲ್ಲ! ಯುದ್ಧ ಮುಗಿದ ಮೇಲೆ, 1920ರ ಆಗಸ್ಟ್‌ನಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬಿಯ ಮುಖ್ಯಸ್ಥರಿಗೆ ಅವರು ಒಂದು ಪತ್ರ ಬರೆದ್ರು. ಹೆಸರಿಲ್ಲದ ಒಬ್ಬ ಸೈನಿಕನ ದೇಹವನ್ನ ತಂದು ರಾಜರನ್ನ ಹೂಳೋ ಜಾಗದಲ್ಲಿ ಹೂಳೋಣ ಅನ್ನೋದು ಅವರ ಸಲಹೆ. ಒಪ್ಪಿಗೆ ಸಿಕ್ಕಿತು. 1920ರ ನವೆಂಬರ್ 11ರಂದು, ಫ್ರಾನ್ಸಿನ ಮಣ್ಣನ್ನೇ ತಂದು ಹಾಕಿ, ಒಬ್ಬ ಅಜ್ಞಾತ ಯೋಧನನ್ನ ಅಲ್ಲಿ ಮಣ್ಣು ಮಾಡಿದ್ರು. ಗುರುತು ಸಿಗದ ಮಗನ ತಾಯಿ ಯಾರೇ ಬಂದ್ರೂ, ಇವನು ನನ್ನ ಮಗನೇ ಇರಬಹುದು ಅಂದುಕೊಂಡು ಅಳಬಹುದು. ಆ ಸಮಾಧಿಯ ಅರ್ಥ ಅದು.

ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಆ ಶವಪೆಟ್ಟಿಗೆ ಮೇಲೆ ಹೊದಿಸಿದ್ದ ಬಾವುಟ ಹೊಸದಾಗಿರಲಿಲ್ಲ. ರೇಲ್ಟನ್ ಅವರ ಹತ್ರನೇ ಇದ್ದ ಹಳೇ ಬಾವುಟ ಅದು. ಯುದ್ಧಭೂಮಿಯಲ್ಲಿ ಅವರು ಅದನ್ನ ಎರಡು ಕೆಲಸಕ್ಕೆ ಬಳಸ್ತಿದ್ರು. ಒಂದು, ಸತ್ತವರ ಮೇಲೆ ಹೊದಿಸೋಕೆ. ಇನ್ನೊಂದು, ಕರ್ತನ ಭೋಜನದ ಮೇಜಿನ ಮೇಲೆ ಹಾಸೋಕೆ. ಖಾಲಿ ಪೆಟ್ಟಿಗೆಯೋ, ಹಲಗೆಯೋ, ಏನು ಸಿಕ್ಕರೆ ಅದರ ಮೇಲೆ ಆ ಬಾವುಟ ಹಾಸಿ, ಅದರ ಮೇಲೆ ರೊಟ್ಟಿ, ದ್ರಾಕ್ಷಾರಸ ಇಟ್ಟು ಸೈನಿಕರಿಗೆ ಕೊಡ್ತಿದ್ರು. ಆ ಬಾವುಟ ಈಗಲೂ ಅಬಿಯಲ್ಲಿ ತೂಗುಹಾಕಿದೆ.

ಒಂದೇ ಬಟ್ಟೆ. ಒಂದು ಸಲ ದೇಶದ ಬಾವುಟ, ಒಂದು ಸಲ ದೇವರ ಮೇಜಿನ ಹೊದಿಕೆ. ರೇಲ್ಟನ್ ಅವರ ಕಷ್ಟ ನನಗೆ ಅರ್ಥ ಆಗುತ್ತೆ, ಅವರ ಹತ್ರ ಇದ್ದಿದ್ದು ಅದೊಂದೇ. ಆದ್ರೆ ಬಟ್ಟೆ ಒಂದೇ ಆದ ಮಾತ್ರಕ್ಕೆ ಎರಡು ನೆನಪುಗಳೂ ಒಂದೇ ಆಗಿಬಿಡ್ತಾವಾ? ಅಲ್ಲಿ ಸ್ವಲ್ಪ ಹುಷಾರಾಗಿರಬೇಕು.

ನಮ್ಮ ಕನ್ನಡವನ್ನೇ ನೋಡಿ. ‘ತ್ಯಾಗ’ ಅಂತೀವಿ. ‘ಬಲಿ’ ಅಂತೀವಿ. ‘ಹುತಾತ್ಮ’ ಅಂತೀವಿ. ತ್ಯಾಗ ಅಂದ್ರೆ ನಾನೇ ಕೈಯಾರೆ ಬಿಟ್ಟುಕೊಡೋದು. ಹುತಾತ್ಮ ಅಂದ್ರೆ ತನ್ನನ್ನೇ ಆಹುತಿಯಾಗಿ ಕೊಟ್ಟವನು. ಆದ್ರೆ ಬಲಿ? ‘ಬಲಿ ಕೊಟ್ಟರು’ ಅಂದ್ರೆ ಇನ್ನೊಬ್ಬರನ್ನ ಕೊಟ್ಟರು. ‘ರಸ್ತೆ ಗುಂಡಿಗೆ ಬೈಕ್ ಸವಾರ ಬಲಿ’ ಅಂತ ಹೆಡ್‌ಲೈನ್ ಬರುತ್ತಲ್ಲ, ಅಲ್ಲಿ ಆ ಸವಾರ ಏನನ್ನೂ ಕೊಟ್ಟಿಲ್ಲ, ಅವನಿಂದ ಕಿತ್ತುಕೊಳ್ಳಲಾಗಿದೆ. ಯುದ್ಧ ಮುಗಿದ ಮೇಲೆ ದೇಶಗಳು ಸಾಮಾನ್ಯವಾಗಿ ‘ಅವರು ಪ್ರಾಣ ತ್ಯಾಗ ಮಾಡಿದ್ರು’ ಅಂತ ಹೇಳ್ತಾವೆ. ಕೆಲವರು ನಿಜವಾಗಿ ಮಾಡಿರ್ತಾರೆ. ಗೊತ್ತಿದ್ದೂ ಗೊತ್ತಿದ್ದೂ ಮುಂದೆ ಹೋಗಿರ್ತಾರೆ, ಪಕ್ಕದವನನ್ನ ಉಳಿಸೋಕೆ ತಾವು ಗುಂಡಿಗೆ ಎದೆ ಕೊಟ್ಟಿರ್ತಾರೆ. ಅವರ ಮುಂದೆ ತಲೆ ಬಾಗಲೇಬೇಕು. ಆದ್ರೆ ಅವರ ಜೊತೆಗೇ ಕಳಿಸಲ್ಪಟ್ಟವರು ಇರ್ತಾರೆ, ಬಡತನಕ್ಕೆ ಹೋದವರು ಇರ್ತಾರೆ, ಹತ್ತೊಂಬತ್ತು ವರ್ಷಕ್ಕೆ ಏನೂ ತಿಳಿಯದೆ ಹೋದವರು ಇರ್ತಾರೆ. ಎಲ್ಲರಿಗೂ ‘ತ್ಯಾಗ’ ಅನ್ನೋ ಒಂದೇ ಪದ ಹೊದಿಸಿದ್ರೆ, ಕಳಿಸಿದವರಿಗೆ ಯಾವ ಪ್ರಶ್ನೆಯೂ ಉಳಿಯಲ್ಲ. ತಾನೇ ಕೊಟ್ಟಿದ್ದಾನಲ್ಲ, ನಮ್ಮ ತಪ್ಪೇನು?

ಈಗ ಕ್ರೈಸ್ತ ನಂಬಿಕೆ ಕಡೆಗೆ ಬರೋಣ. ಈ ನಂಬಿಕೆಯ ನಡುಮಧ್ಯದಲ್ಲಿ ಇರೋದೂ ಒಂದು ಸಾವೇ. ಯೇಸುಸ್ವಾಮಿಯ ಸಾವು. ಆದ್ರೆ ಆ ಸಾವು ಯಾರ ಕೈಯಲ್ಲಿ ಆಯ್ತು? ರೋಮ್ ಸಾಮ್ರಾಜ್ಯದ ಸೈನಿಕರ ಕೈಯಲ್ಲಿ, ರಾಜ್ಯಪಾಲನ ಆಜ್ಞೆ ಮೇಲೆ. ಶಿಲುಬೆ ಅನ್ನೋದು ಇವತ್ತು ಕತ್ತಿನ ಚೈನಿನಲ್ಲಿ ತೂಗೋ ಒಡವೆ, ಆ ಕಾಲಕ್ಕೆ ಅದು ಮರಣದಂಡನೆಯ ಕಂಬ. ಗುಲಾಮರನ್ನ, ದಂಗೆ ಎದ್ದವರನ್ನ ಊರವರಿಗೆಲ್ಲ ಕಾಣೋ ಹಾಗೆ ಸಾಯಿಸೋಕೆ ಇದ್ದ ಸಾಧನ. ಅಂದ್ರೆ, ಸಾಮ್ರಾಜ್ಯ ಯಾರನ್ನ ಅವಮಾನ ಮಾಡಿ ಮರೆಸಿಬಿಡಬೇಕು ಅಂದ್ಕೊಂಡಿತ್ತೋ, ಅವನನ್ನೇ ಈ ನಂಬಿಕೆ ನೆನಪಿಟ್ಟುಕೊಂಡಿದೆ.

ಹೇಗೆ ನೆನಪಿಟ್ಟುಕೊಂಡಿದೆ? ಹಿಡಿಯೋಕೆ ಬರ್ತಾರೆ ಅಂತ ಗೊತ್ತಿದ್ದ ರಾತ್ರಿ ಯೇಸು ತನ್ನ ಶಿಷ್ಯರಿಗೆ ಒಂದು ಊಟವನ್ನ ಬಿಟ್ಟುಹೋದರು. ರೊಟ್ಟಿ ಮುರಿದು ಹಂಚಿ, ಇದನ್ನ ಮಾಡ್ತಾ ತನ್ನನ್ನ ನೆನೆಯಿರಿ ಅನ್ನೋ ಅರ್ಥದ ಮಾತು ಹೇಳಿದ್ರು. ಅದು ಪಸ್ಕ ಹಬ್ಬದ ಕಾಲ. ಯೆಹೂದ್ಯರು ಪಸ್ಕ ಆಚರಿಸೋವಾಗ, ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರು ನಾವೇ ಅನ್ನೋ ಹಾಗೆ ಊಟಕ್ಕೆ ಕೂರ್ತಾರೆ. ಅಲ್ಲಿ ನೆನಪು ಅಂದ್ರೆ ಹಿಂದಿರುಗಿ ನೋಡೋದಷ್ಟೇ ಆಗಿರಲ್ಲ. ಆ ಕಥೆಯ ಒಳಗೆ ನಾನೂ ಹೋಗಿ ಕೂರೋದು.

ಅದಕ್ಕೇ ಆ ಮೇಜು ನಮ್ಮನ್ನ ಸುಮ್ಮನೆ ಬಿಡಲ್ಲ. ಕೊರಿಂಥ ಅನ್ನೋ ಊರಿನ ಸಭೆಗೆ ಪೌಲ ಬರೆದ ಪತ್ರ ಇದೆ. ಆ ಸಭೆಯಲ್ಲಿ ಏನಾಗಿತ್ತು ಗೊತ್ತಾ? ಕರ್ತನ ಭೋಜನ ಅಂತ ಸೇರ್ತಿದ್ರು. ಇದ್ದವರು ಮೊದಲೇ ತಿಂದು ಕುಡಿದು ಮುಗಿಸ್ತಿದ್ರು, ಇಲ್ಲದವರು ಹಸಿದುಕೊಂಡೇ ಇರ್ತಿದ್ರು. ಪೌಲ ಅವರನ್ನ ಚೆನ್ನಾಗಿ ಗದರಿಸಿದ. ನೀವು ಮಾಡ್ತಿರೋದು ಕರ್ತನ ಭೋಜನವೇ ಆಗಲ್ಲ ಅನ್ನೋ ಮಟ್ಟಕ್ಕೆ ಹೇಳಿದ. ಅಂದ್ರೆ, ಪಕ್ಕದವನನ್ನ ಹಸಿದಿರೋಕೆ ಬಿಟ್ಟು ಮಾಡೋ ಸ್ಮರಣೆ ಸ್ಮರಣೆಯೇ ಅಲ್ಲ. ಎರಡು ಸಾವಿರ ವರ್ಷದ ಹಿಂದಿನ ಈ ಬೈಗುಳ ನನಗೆ ಇವತ್ತಿನ ಎಲ್ಲ ಸ್ಮರಣಾರ್ಥ ಕಾರ್ಯಕ್ರಮಗಳಿಗೂ ಅನ್ವಯಿಸುತ್ತೆ ಅನ್ಸುತ್ತೆ.

ಈಗ ಬಾವುಟ, ಮೇಜು ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದ ಒಂದು ಜೀವನ ಹೇಳ್ತೀನಿ. ಈಡಿತ್ ಕ್ಯಾವೆಲ್.

ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗಳು. ನರ್ಸ್. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ನರ್ಸಿಂಗ್ ಶಾಲೆಯ ಮುಖ್ಯಸ್ಥೆ ಆಗಿದ್ರು. 1914ರಲ್ಲಿ ಜರ್ಮನ್ ಸೈನ್ಯ ಆ ಊರನ್ನ ಹಿಡಿಯಿತು. ಕ್ಯಾವೆಲ್ ಅಲ್ಲೇ ಉಳಿದರು. ಗಾಯಗೊಂಡು ಬಂದವನು ಯಾವ ದೇಶದ ಸಮವಸ್ತ್ರ ಹಾಕಿದ್ದಾನೆ ಅಂತ ನೋಡದೆ ಆರೈಕೆ ಮಾಡಿದ್ರು. ಜೊತೆಗೆ, ಸಿಕ್ಕಿಹಾಕಿಕೊಂಡಿದ್ದ ಸುಮಾರು 200 ಬ್ರಿಟಿಷ್, ಫ್ರೆಂಚ್, ಬೆಲ್ಜಿಯನ್ ಜನರನ್ನ ಗಡಿ ದಾಟಿಸೋಕೆ ಸಹಾಯ ಮಾಡಿದ್ರು. 1915ರ ಆಗಸ್ಟ್‌ನಲ್ಲಿ ಜರ್ಮನ್ನರು ಹಿಡಿದರು. ವಿಚಾರಣೆಯಲ್ಲಿ ಅವರು ಮಾಡಿದ್ದನ್ನ ಮಾಡಿದೆ ಅಂತಲೇ ಒಪ್ಪಿಕೊಂಡರು. ಅಕ್ಟೋಬರ್ 12ರ ಬೆಳಗಿನ ಜಾವ ಗುಂಡು ಹಾರಿಸಿ ಕೊಂದರು. ಅದೇ ಬೆಳಗ್ಗೆ, ಅದೇ ಜಾಗದಲ್ಲಿ, ಫಿಲಿಪ್ ಬಾಕ್ ಅನ್ನೋ ಬೆಲ್ಜಿಯಂನ ವಾಸ್ತುಶಿಲ್ಪಿಯನ್ನೂ ಕೊಂದರು.

ಹಿಂದಿನ ರಾತ್ರಿ ಸ್ಟರ್ಲಿಂಗ್ ಗಹಾನ್ ಅನ್ನೋ ಪಾದ್ರಿ ಜೈಲಿನ ಕೋಣೆಗೆ ಹೋಗಿದ್ರು. ಇಬ್ಬರೂ ಕರ್ತನ ಭೋಜನ ತೆಗೆದುಕೊಂಡರು. ಕೊನೆಗೆ ‘ಅಬೈಡ್ ವಿತ್ ಮೀ’ ಅನ್ನೋ ಸ್ತೋತ್ರಗೀತೆಯನ್ನ ಮೆಲ್ಲಗೆ ಜೊತೆಯಲ್ಲಿ ಹೇಳಿದ್ರು. ಆ ರಾತ್ರಿ ಕ್ಯಾವೆಲ್ ಆಡಿದ ಒಂದು ಮಾತನ್ನ ಗಹಾನ್ ಆಮೇಲೆ ದಾಖಲಿಸಿದ್ರು. ಅದರ ಸಾರಾಂಶ ಇಷ್ಟು: ದೇಶಪ್ರೇಮ ಒಂದೇ ಸಾಲದು, ತನ್ನ ಮನಸ್ಸಿನಲ್ಲಿ ಯಾರ ಮೇಲೂ ದ್ವೇಷವಾಗಲಿ ಕಹಿಯಾಗಲಿ ಇರಬಾರದು ಅಂತ ಸಾವಿನ ಎದುರು ನಿಂತಾಗ ತನಗೆ ಅರಿವಾಗಿದೆ.

ಯೋಚಿಸಿ ನೋಡಿ. ಬೆಳಗಾದ್ರೆ ಗುಂಡಿಕ್ಕೋ ಜನರ ಬಗ್ಗೆ ಆಡಿದ ಮಾತು ಇದು.

ಆಮೇಲೆ ಏನಾಯ್ತು? ಅವರ ಸಾವಿನ ಸುದ್ದಿ ಬ್ರಿಟನ್ ತಲುಪಿತು. ಪೋಸ್ಟರ್‌ಗಳು ಬಂದವು, ಪೋಸ್ಟ್‌ಕಾರ್ಡ್‌ಗಳು ಬಂದವು, ಸೈನ್ಯಕ್ಕೆ ಸೇರಿ, ಇವಳ ಸಾವಿಗೆ ಸೇಡು ತೀರಿಸಿ ಅನ್ನೋ ಕರೆಗಳು ಬಂದವು. ಯಾರು ದ್ವೇಷ ಬೇಡ ಅಂತ ಹೇಳಿ ಸತ್ತರೋ, ಅವರ ಮುಖವನ್ನೇ ದ್ವೇಷ ಹಚ್ಚೋಕೆ ಬಳಸಿಕೊಂಡರು. 1920ರಲ್ಲಿ ಲಂಡನ್ನಿನಲ್ಲಿ ದೊಡ್ಡ ಸ್ಮಾರಕ ನಿಲ್ಲಿಸಿದ್ರು. ಆ ಕೊನೇ ಮಾತು ಅದರ ಮೇಲೆ ಇರಲೇ ಇಲ್ಲ. ಮಹಿಳಾ ಸಂಘಟನೆಯೊಂದು ಕೇಳಿಕೊಂಡ ಮೇಲೆ, 1924ರಲ್ಲಿ ಅದನ್ನ ಕೆತ್ತಿಸಿದ್ರು. ಸತ್ತು ಒಂಬತ್ತು ವರ್ಷ ಆದ ಮೇಲೆ ಅವರಿಗೆ ಅವರ ಮಾತು ವಾಪಸ್ ಸಿಕ್ಕಿತು.

ಇನ್ನೊಂದು ವಿಷಯ. ಕ್ಯಾವೆಲ್ ಅವರ ದೇಹವನ್ನ 1919ರಲ್ಲಿ ಇಂಗ್ಲೆಂಡಿಗೆ ತಂದಾಗ ಒಂದು ರೈಲು ಡಬ್ಬಿಯಲ್ಲಿ ಸಾಗಿಸಿದ್ರು. ಮರುವರ್ಷ ನಾನು ಹೇಳಿದ ಆ ಅಜ್ಞಾತ ಯೋಧನನ್ನ ಲಂಡನ್ನಿಗೆ ತಂದಿದ್ದೂ ಅದೇ ಡಬ್ಬಿಯಲ್ಲಿ. ಒಂದು ದೇಹಕ್ಕೆ ಹೆಸರಿತ್ತು, ಮಾತು ಕಳೆದುಹೋಗಿತ್ತು. ಇನ್ನೊಂದಕ್ಕೆ ಹೆಸರೇ ಇರಲಿಲ್ಲ.

ಹೆಸರಿನ ವಿಷಯಕ್ಕೆ ಬಂದ್ರೆ, ನಮ್ಮ ಅಜ್ಜಿಯ ತಾತನ ಹತ್ರ ವಾಪಸ್ ಬರ್ತೀನಿ.

ಮೊದಲ ಮಹಾಯುದ್ಧದಲ್ಲಿ ಅವಿಭಜಿತ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರದೇಶಕ್ಕೆ ಹೋದ್ರು. ಸುಮಾರು 74,000 ಜನ ಸತ್ತರು. ಸತ್ತವರನ್ನ ನೆನೆಯೋಕೆ 1917ರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಒಂದು ಆಯೋಗ ಮಾಡಿತ್ತು. ಅದರ ತತ್ವ ನಿಜಕ್ಕೂ ದೊಡ್ಡದು: ಪ್ರತಿಯೊಬ್ಬರ ಹೆಸರೂ ಇರಬೇಕು, ಹುದ್ದೆ, ಜನಾಂಗ, ಧರ್ಮ ಅಂತ ಭೇದ ಮಾಡಬಾರದು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಭಾರತೀಯರಿಗಾಗಿಯೇ ಕಟ್ಟಿದ ಸ್ಮಾರಕ ಇದೆ, ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಯುರೋಪಿನಲ್ಲಿ ತತ್ವ ನಡೆಯಿತು.

ಬಸ್ರಾದಲ್ಲಿ? ಇರಾಕ್‌ನ ಬಸ್ರಾ ಸ್ಮಾರಕ 40,000ಕ್ಕೂ ಹೆಚ್ಚು ಜನರದ್ದು. ಅಲ್ಲಿ ಬ್ರಿಟಿಷರ ಹೆಸರು ಕೆತ್ತಿದ್ರು. ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದ್ರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ? ಇಂಥ ರೆಜಿಮೆಂಟಿನ ಇತರೆ ಇಷ್ಟು ಜನ ಅಂತ ಸಂಖ್ಯೆ. ಅಷ್ಟೇ. 2021ರಲ್ಲಿ ಅದೇ ಆಯೋಗ, ಈಗಿನ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ, ತನ್ನ ಇತಿಹಾಸವನ್ನ ತಾನೇ ತನಿಖೆ ಮಾಡಿಸಿ ವರದಿ ಹೊರಗೆ ತಂದಿತು. ಏಷ್ಯಾ, ಆಫ್ರಿಕಾದ 45,000ದಿಂದ 54,000 ಜನರನ್ನ ಅಸಮಾನವಾಗಿ ಸ್ಮರಿಸಲಾಗಿದೆ, ಇನ್ನು ಕನಿಷ್ಠ 1,16,000 ಜನರನ್ನ ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ, ಆ ಸಂಖ್ಯೆ 3,50,000ದವರೆಗೂ ಇರಬಹುದು ಅಂತ ಒಪ್ಪಿಕೊಂಡಿತು. ಕ್ಷಮೆ ಕೇಳಿತು. ಒಂದು ಸಂಸ್ಥೆ ತನ್ನ ತಪ್ಪನ್ನ ಹೀಗೆ ತಾನೇ ಲೆಕ್ಕ ಹಾಕಿ ಹೇಳಿದ್ದಕ್ಕೆ ನನಗೆ ಗೌರವ ಇದೆ.

ಆದ್ರೂ ಒಂದು ಮಾತು ಹೇಳಲೇಬೇಕು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ, ನೋಡಿದ್ದೀರಾ? ಮಂಡ್ಯ ಜಿಲ್ಲೆಯಿಂದ ತಂದದ್ದು. ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟರ ಕಾಲದ ಯುದ್ಧದ ವಿಷಯ ಅದರಲ್ಲಿದೆ. ಜೊತೆಗೆ ಒಂದು ನಾಯಿಯ ವಿಷಯವೂ ಇದೆ. ಕಾಡುಹಂದಿ ಜೊತೆ ಹೋರಾಡಿ ಸತ್ತ ನಾಯಿ. ಅದರ ಹೆಸರು ಕಾಳಿ. ಸಾವಿರ ವರ್ಷದ ಹಿಂದೆ ನಮ್ಮ ಊರುಗಳ ಜನ ಒಂದು ನಾಯಿಯ ಹೆಸರನ್ನ ಕಲ್ಲಿನಲ್ಲಿ ಕೆತ್ತಿಸಿದ್ರು. ಸಾವಿರ ವರ್ಷ ಆದ ಮೇಲೆ ಒಂದು ಸಾಮ್ರಾಜ್ಯಕ್ಕೆ ತನ್ನ ಪರವಾಗಿ ಸತ್ತ ಮನುಷ್ಯರ ಹೆಸರು ಕೆತ್ತಿಸೋಕೆ ಆಗಲಿಲ್ಲ. ನಮ್ಮ ಹಳ್ಳಿಗಳ ವೀರಗಲ್ಲುಗಳ ಪಕ್ಕ ಹೋಗೋವಾಗ ಇನ್ನು ಮುಂದೆ ಒಂದು ನಿಮಿಷ ನಿಲ್ಲಿ.

ನಾನೂ ಅಜ್ಜಿಯ ತಾತನಿಗಾಗಿ ಹುಡುಕಿದೆ. ಪಟ್ಟಿಗಳು, ಡೇಟಾಬೇಸ್‌ಗಳು, ಎಲ್ಲ. ನಮ್ಮ ಹತ್ರ ಇರೋದು ಒಂದೇ ಹೆಸರು. ಯಾವ ದಳ ಗೊತ್ತಿಲ್ಲ, ನಂಬರ್ ಗೊತ್ತಿಲ್ಲ, ಯಾವ ವರ್ಷ ಅಂತಲೂ ಖಚಿತ ಇಲ್ಲ. ಆ ಹೆಸರಿನವರು ಬೇಕಾದಷ್ಟು ಜನ. ಸಿಗಲಿಲ್ಲ. ಸಿಗೋದೂ ಇಲ್ಲ ಅನ್ಸುತ್ತೆ.

ಎಲ್ಲವೂ ಮರೆತುಹೋಗಿದೆ ಅಂತಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧ್‌ಪುರ ಲ್ಯಾನ್ಸರ್ಸ್ ಕುದುರೆ ಮೇಲೆ ಹೋಗಿ ಹೈಫಾ ಊರನ್ನ ಗೆದ್ದರು. ಮೈಸೂರು ಪಡೆಯ ಒಂದು ತುಕಡಿ ಹತ್ತಿದ್ದು ಕರ್ಮೆಲ್ ಬೆಟ್ಟವನ್ನ. ಸಂಡೇ ಸ್ಕೂಲಿಗೆ ಹೋದವರಿಗೆ ಆ ಬೆಟ್ಟ ಗೊತ್ತಿರುತ್ತೆ, ಪ್ರವಾದಿ ಎಲೀಯನ ಕಥೆ ನಡೆಯೋ ಬೆಟ್ಟ. ನಾನು ಚಿತ್ರದ ಪುಸ್ತಕದಲ್ಲಿ ಬಣ್ಣ ಹಾಕ್ತಿದ್ದ ಬೆಟ್ಟವನ್ನ ನಮ್ಮ ಸೀಮೆಯ ಸವಾರರು ಗುಂಡಿನ ಮಳೆಯಲ್ಲಿ ಹತ್ತಿದ್ರು ಅಂತ ಗೊತ್ತಾಗಿದ್ದು ನನಗೆ ಕಾಲೇಜಿಗೆ ಬಂದ ಮೇಲೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಅನ್ನೋ ಹೆಸರನ್ನೂ ಸೇರಿಸಿದ್ರು.

ಇನ್ನು ಸ್ವತಂತ್ರ ಭಾರತದ ವಿಷಯ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆ ಆಯ್ತು. ಅದರಲ್ಲಿ ‘ತ್ಯಾಗ ಚಕ್ರ’ ಅಂತ ಒಂದು ಸುತ್ತು ಇದೆ. ಸ್ವಾತಂತ್ರ್ಯ ಬಂದ ಮೇಲೆ ಪ್ರಾಣ ಕೊಟ್ಟ 25,000ಕ್ಕೂ ಹೆಚ್ಚು ಸೈನಿಕರಿಗೆ, ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಫಲಕ. ಸಿಪಾಯಿಗೂ ಅಷ್ಟೇ ಗಾತ್ರ, ಅಧಿಕಾರಿಗೂ ಅಷ್ಟೇ ಗಾತ್ರ. ಬಸ್ರಾ ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತಾಗುತ್ತೆ.

ಈಗ ಸ್ವಲ್ಪ ಸೂಕ್ಷ್ಮ ವಿಷಯ. ಕ್ಯಾವೆಲ್ ಕೊನೇ ರಾತ್ರಿ ಹೇಳಿಕೊಂಡ ಆ ಸ್ತೋತ್ರಗೀತೆ ಇದೆಯಲ್ಲ, ‘ಅಬೈಡ್ ವಿತ್ ಮೀ’, ಅದು ಗಾಂಧೀಜಿಗೂ ಪ್ರಿಯವಾದದ್ದು. ಗಣರಾಜ್ಯೋತ್ಸವ ಮುಗಿದ ಮೇಲೆ ಜನವರಿ 29ರಂದು ದೆಹಲಿಯಲ್ಲಿ ನಡೆಯೋ ಬೀಟಿಂಗ್ ರಿಟ್ರೀಟ್‌ನಲ್ಲಿ ದಶಕಗಳ ಕಾಲ ಅದರ ರಾಗ ನುಡಿಸ್ತಿದ್ರು. 2022ರಲ್ಲಿ ಅದನ್ನ ಬಿಟ್ಟು, 1962ರ ಯುದ್ಧದಲ್ಲಿ ಮಡಿದವರಿಗಾಗಿ ಕವಿ ಪ್ರದೀಪ್ ಬರೆದ ‘ಏ ಮೇರೆ ವತನ್ ಕೇ ಲೋಗೋ’ ತಂದರು. ಆಗ ನಮ್ಮ ಮನೆಯಲ್ಲೂ ಜೋರು ಚರ್ಚೆ ಆಯ್ತು. ನನಗೆ ಬೇಜಾರಾಯ್ತು, ಸುಳ್ಳು ಹೇಳಲ್ಲ. ನಮ್ಮದೊಂದು ದನಿ ದೇಶದ ನೆನಪಿನಲ್ಲಿ ಇತ್ತು, ಈಗ ಇಲ್ಲ ಅನ್ನಿಸ್ತು. ನಮ್ಮ ಚಿಕ್ಕಪ್ಪ ಸೈನ್ಯದಲ್ಲಿದ್ದು ನಿವೃತ್ತರಾದವರು. ಅವರು ಅಂದಿದ್ದು, ‘ಪುಟ್ಟಿ, ಪ್ರದೀಪ್ ಹಾಡು ಕೇಳಿದಾಗ ನನಗೆ ನನ್ನ ಜೊತೆಯವರು ನೆನಪಾಗ್ತಾರೆ. ಆ ರಾಗ ಕೇಳಿದಾಗ ನನ್ನ ಅಮ್ಮ ನೆನಪಾಗ್ತಾಳೆ. ಯಾವುದನ್ನ ಬೇಡ ಅನ್ನಲಿ?’

ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಯೋಚಿಸಿದಾಗ ಇನ್ನೊಂದು ವಿಷಯ ಹೊಳೀತು. ಲಂಡನ್ನಿನ ಸೆನೊಟಾಫ್ ಸ್ಮಾರಕ ಮಾಡಿದ ಲುಟ್ಯೆನ್ಸ್ ಅದರ ಮೇಲೆ ಶಿಲುಬೆ ಇಡಲಿಲ್ಲ. ಸತ್ತವರಲ್ಲಿ ಎಲ್ಲ ಧರ್ಮದವರೂ ಇದ್ದರು. ನಮ್ಮ ಇಂಡಿಯಾ ಗೇಟ್ ಮಾಡಿದ್ದೂ ಅದೇ ಲುಟ್ಯೆನ್ಸ್, ಅಲ್ಲೂ ಯಾವ ಧರ್ಮದ ಗುರುತೂ ಇಲ್ಲ. ದೇಶದ ನೆನಪು ಎಲ್ಲರದ್ದೂ ಆಗಿರಬೇಕು, ಅದು ಸರಿಯೇ. ನನ್ನ ಧರ್ಮದ ಗುರುತು ಅಲ್ಲಿ ಇದೆಯೋ ಇಲ್ಲವೋ ಅನ್ನೋದಕ್ಕಿಂತ, ನನ್ನ ನಂಬಿಕೆ ಕಲಿಸಿದ ರೀತಿಯಲ್ಲಿ ನಾನು ಅಲ್ಲಿ ನಿಂತಿದ್ದೀನಾ ಅನ್ನೋದು ನನಗೆ ದೊಡ್ಡ ಪ್ರಶ್ನೆ.

ಹಾಗಾದ್ರೆ ಆ ರೀತಿ ಯಾವುದು? ನನಗೆ ಎರಡು ಪ್ರಶ್ನೆ ಸಾಕು ಅನ್ಸುತ್ತೆ. ಯಾರಾದ್ರೂ ತ್ಯಾಗದ ಮಾತಾಡಿದಾಗ, ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಬಂದಾಗ, ಭಾಷಣ ಕೇಳಿದಾಗ, ಈ ಎರಡನ್ನ ಮನಸ್ಸಲ್ಲಿ ಕೇಳ್ಕೊಳ್ಳಿ.

ಮೊದಲನೇದು, ಇಲ್ಲಿ ಯಾರ ಹೆಸರು ಬಿಟ್ಟುಹೋಗಿದೆ? ಗೋಡೆ ಮೇಲಿರೋ ಕ್ಯಾಪ್ಟನ್ ನಿಜವಾಗಿ ಸತ್ತಿದ್ದಾನೆ, ಅವನಿಗೂ ತಾಯಿ ಇದ್ದಳು. ಅವನ ಹೆಸರು ಅಳಿಸಬೇಕಾಗಿಲ್ಲ. ಪಕ್ಕದಲ್ಲಿ ಹೇಸರಗತ್ತೆ ಹಿಡಿದುಕೊಂಡು ನಿಂತವನ ಹೆಸರೂ ಬೇಕು.

ಎರಡನೇದು, ಈ ನೆನಪು ನನ್ನಿಂದ ಏನು ಕೇಳ್ತಿದೆ? ಯಾರನ್ನೋ ದ್ವೇಷ ಮಾಡು ಅಂತಿದ್ಯಾ? ಹಾಗಿದ್ರೆ ಕ್ಯಾವೆಲ್ ಪೋಸ್ಟರ್ ನೆನಪು ಮಾಡ್ಕೊಳ್ಳಿ. ಸತ್ತವರನ್ನ ಯಾರೋ ಬಳಸಿಕೊಳ್ತಿದ್ದಾರೆ. ಇಲ್ಲ, ಅವರು ಬಿಟ್ಟುಹೋದ ಭಾರ ಸ್ವಲ್ಪ ನೀನೂ ಹೊರು ಅಂತಿದ್ಯಾ? ಹುತಾತ್ಮ ಸೈನಿಕನ ಹೆಂಡತಿ ಪಿಂಚಣಿ ಕಾಗದ ಹಿಡ್ಕೊಂಡು ಕಚೇರಿಯಿಂದ ಕಚೇರಿಗೆ ಅಲೀತಿದ್ರೆ ಜೊತೆಗೆ ಹೋಗು ಅಂತಿದ್ಯಾ? ಯುದ್ಧ ಮತ್ತೆ ಆಗದ ಹಾಗೆ ನೋಡ್ಕೋ ಅಂತಿದ್ಯಾ? ಅದು ಮೇಜಿನ ನೆನಪು. ಅಲ್ಲಿ ರೊಟ್ಟಿ ಹಂಚಿಯೇ ತಿನ್ನಬೇಕು.

ನಮ್ಮ ಅಜ್ಜಿ ತೀರಿಕೊಂಡು ಈಗ ಆರು ವರ್ಷ. ಕೊನೆಕೊನೆಗೆ ಅವರಿಗೆ ಮರೆವು ಬಂದಿತ್ತು. ನನ್ನ ಹೆಸರು ಮರೀತಿದ್ರು, ಅಮ್ಮನ ಹೆಸರು ಮರೀತಿದ್ರು. ಅಯ್ಯನವರು ಮನೆಗೇ ಬಂದು ಕರ್ತನ ಭೋಜನ ಕೊಡ್ತಿದ್ರು. ರೊಟ್ಟಿಯ ಚೂರು ಬಾಯಿಗೆ ಇಟ್ಟುಕೊಂಡ ಮೇಲೆ ಅವರ ತುಟಿ ಅಲ್ಲಾಡ್ತಿತ್ತು. ಬಗ್ಗಿ ಕೇಳಿದ್ರೆ ಅದೇ ಹೆಸರು. ಎಲ್ಲ ಹೋದ ಮೇಲೂ ಅದೊಂದು ಉಳಿದಿತ್ತು.

ಆ ಹೆಸರನ್ನ ನಾನು ಇಲ್ಲಿ ಹೇಳಲ್ಲ. ಅದು ಅಜ್ಜಿಯ ಪ್ರಾರ್ಥನೆಯದ್ದು, ಈಗ ನನ್ನದು. ಇವತ್ತು ಬೆಳಗ್ಗೆ ಎರಡು ನಿಮಿಷದ ಮೌನದಲ್ಲಿ ನಾನೂ ತುಟಿ ಅಲ್ಲಾಡಿಸಿದೆ. ಪಕ್ಕದಲ್ಲಿ ನಮ್ಮ ಅಕ್ಕನ ಮಗಳು ನಿಂತಿದ್ದಳು, ಏಳು ವರ್ಷ. ಕಣ್ಣು ಮುಚ್ಚಿರಲಿಲ್ಲ. ಗೋಡೆ ನೋಡ್ತಿದ್ದಳು. ಹೊರಗೆ ಬಂದ ಮೇಲೆ ಕೇಳಿದಳು, ‘ಚಿಕ್ಕಮ್ಮ, ನೀನು ಏನು ಹೇಳ್ಕೊಳ್ತಿದ್ದೆ?’

ಹೇಳಿದೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಹೆಸರು ಇರಬಹುದು. ಯುದ್ಧಕ್ಕೆ ಹೋದವರದ್ದೇ ಆಗಬೇಕು ಅಂತಿಲ್ಲ. ಈ ವಾರ ಮನೆಯಲ್ಲಿ ದೊಡ್ಡವರು ಯಾರಾದ್ರೂ ಇದ್ರೆ ಫೋನ್ ಪಕ್ಕಕ್ಕಿಟ್ಟು ಕೇಳಿ. ಕೇಳಿ ಬರೆದಿಟ್ಟುಕೊಳ್ಳಿ.